ಎರಡನೇ ಬ್ರೇಕು

ಎದುರಿಗೆ ಬರೀ ಮೇಷ್ಟ್ರು; ಬೆನ್ನು ತಿರುಗಿಸಿದರೆ ಬ್ರೇಕ್ ಮೇಷ್ಟ್ರು. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಮ್ಮಸುಮ್ಮನೆ ಇಟ್ಟಿರಲಿಲ್ಲ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದ ಮನುಷ್ಯ ಅಷ್ಟೂ ವರ್ಷ ಕೂತದ್ದು ಪಕ್ಕದ ಸೀಟಿನಲ್ಲಿ, ಅವರ ಬಲಗಾಲು ಅಷ್ಟೂ ವರ್ಷ ಇದ್ದದ್ದು ಒಂದೇ ಪೆಡಲಿನ ಮೇಲೆ.

ಗೊತ್ತಿಲ್ಲದವರಿಗೆ ಹೇಳಬೇಕು: ಕಲಿಸುವ ಕಾರಿನಲ್ಲಿ ಬ್ರೇಕು ಎರಡು ಕಡೆ ಇರುತ್ತದೆ. ಕಲಿಯುವವರ ಕಾಲಡಿ ಒಂದು, ಮೇಷ್ಟ್ರ ಕಾಲಡಿ ಇನ್ನೊಂದು. ಎರಡನ್ನೂ ಒಂದೇ ಕಬ್ಬಿಣದ ಸರಳಿಗೆ ಬಿಗಿದಿರುತ್ತಾರೆ. ಈ ಕಡೆಯದನ್ನು ತುಳಿದರೆ ಆ ಕಡೆಯದೂ ಕೆಳಗೆ ಹೋಗುತ್ತದೆ. ನಾಯಿ ಅಡ್ಡ ಬಂತು, ಮೇಷ್ಟ್ರು ತುಳಿದರು. ಸೈಕಲ್ಲು ಬಂತು, ತುಳಿದರು. ಏನೂ ಬರಲಿಲ್ಲ, ಬರಬಹುದು ಅನ್ನಿಸಿತು, ತುಳಿದರು. ಹಿಂದೆ ಬರುತ್ತಿದ್ದವರು ಕಿಟಕಿ ಇಳಿಸಿ ಬಯ್ಯಲು ಬಾಯಿ ತೆರೆದರೆ ಮೇಷ್ಟ್ರು ಕತ್ತು ಹೊರಗೆ ಹಾಕಿ, ಕೈ ಎತ್ತಿ, "ಹೊಸಬರು, ಕಲೀತಾ ಇದ್ದಾರೆ, ಸ್ವಲ್ಪ ಸಹಿಸ್ಕೊಳ್ಳಿ" ಅನ್ನುತ್ತಿದ್ದರು. ಬಯ್ಯಲು ಬಂದವರು ಸ್ಟೇರಿಂಗ್ ಹಿಡಿದವರನ್ನೊಮ್ಮೆ ದುರುಗುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು. ಆ ಬಡಪಾಯಿ ಕಿವಿಯವರೆಗೂ ಕೆಂಪಾಗಿ ಕೂತಿರಬೇಕು. ಬ್ರೇಕು ಯಾರದು, ಬೈಗುಳ ಯಾರಿಗೆ ಎಂದು ಮೇಷ್ಟ್ರು ಒಂದು ದಿನವೂ ತಲೆ ಕೆಡಿಸಿಕೊಂಡವರಲ್ಲ. ಕೆಲಸವೇ ಹಾಗೆ ಅಂದುಕೊಂಡಿದ್ದರು.

ಊರಿನ ಅರ್ಧ ಜನಕ್ಕೆ ಕಲಿಸಿದವರು ಹೆಂಡತಿಗೆ ಮಾತ್ರ ಕಲಿಸಲಿಲ್ಲ. "ನಿನಗ್ಯಾಕೆ, ನಾನಿಲ್ವಾ?" ಎಂದು ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದರು. ಇದ್ದರು, ಯಾರು ಇಲ್ಲ ಅಂದರು? ಆದರೆ ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದರೆ ಕಾರಿಗೆ ಬಿಡುವಿರುತ್ತಿರಲಿಲ್ಲ. ಕಾರಿಗೆ ಬಿಡುವಿದ್ದ ದಿನ ಮೇಷ್ಟ್ರಿಗೆ ಸೊಂಟನೋವು. ಹೆಂಡತಿಯ ಅಕ್ಕ ಇದ್ದದ್ದು ಬೆಟ್ಟದ ಮೇಲಿನ ಊರಿನಲ್ಲಿ, ಹದಿನಾಲ್ಕು ಹೇರ್‌ಪಿನ್ ತಿರುವು ದಾಟಿ. ಬಸ್ಸಿನಲ್ಲೇ ಹೋಗಬೇಕು. ಎರಡನೇ ತಿರುವು ಬರುವಷ್ಟರಲ್ಲಿ ಅವಳಿಗೆ ಹೊಟ್ಟೆ ತೊಳೆಸಲು ಶುರು. ಒಂದು ಕೈಯಲ್ಲಿ ಮೂಸುವುದಕ್ಕೆ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಮುಚ್ಚಿದ ಕಣ್ಣು ಅಕ್ಕನ ಊರು ಬಂದಾಗಲೇ ತೆರೆಯುವುದು. ಜನ ಎಲ್ಲೆಲ್ಲಿಂದಲೋ ಕ್ಯಾಮೆರಾ ನೇತುಹಾಕಿಕೊಂಡು ನೋಡಲು ಬರುವ ರಸ್ತೆ ಅದು. ನೂರು ಸಲ ಹತ್ತಿ ಇಳಿದಿದ್ದರೂ ಅವಳು ಅದನ್ನು ನೋಡಿಯೇ ಇರಲಿಲ್ಲ.

ಹಿಂದಿನ ವರ್ಷ ಅಕ್ಕ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಈಗ ಓಡಾಡುವುದು ವಾಕರ್ ಹಿಡಿದು. ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ತಲೆಗೆ ನೀರು ಹಾಕಬೇಕು, ಮೇಲಿನ ಕಪಾಟಿನದನ್ನು ಕೆಳಗೆ ಇಳಿಸಿ ಕೊಡಬೇಕು. ಮೇಷ್ಟ್ರ ಹೆಂಡತಿ ಯಾರನ್ನೂ ಏನೂ ಕೇಳಲಿಲ್ಲ. ಐವತ್ನಾಲ್ಕನೇ ವಯಸ್ಸಿನಲ್ಲಿ ಹಿಂದಿನ ಬೀದಿಯ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಸೇರಿಕೊಂಡಳು. ಅಲ್ಲಿ ಕಲಿಸುವವಳು ಮೇಷ್ಟ್ರ ಹತ್ತಿರವೇ ಕಲಿತವಳು. ಎರಡು ತಿಂಗಳಿಗೆ ಲೈಸೆನ್ಸು ಬಂತು, ಅದೂ ಮೊದಲನೇ ಸಲಕ್ಕೇ.

"ಏನ್ ಮೇಷ್ಟ್ರೇ," ಎಂದ ಕ್ಷೌರಿಕ, ಗಡ್ಡಕ್ಕೆ ನೊರೆ ಹಚ್ಚುತ್ತಾ, "ಹೋಟ್ಲು ಇಟ್ಟಿರೋರ ಮನೆಯವರು ಪಕ್ಕದ ಹೋಟ್ಲಿಗೆ ಊಟಕ್ಕೆ ಹೋದಂಗಾಯ್ತಲ್ಲ." ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಬಾಯಿ ತೆರೆದರೆ ನೊರೆ ಒಳಗೆ ಹೋಗುತ್ತದೆ, ಮೇಷ್ಟ್ರು ಸುಮ್ಮನೆ ಕೂತರು.

ಲೈಸೆನ್ಸು ಬಂದ ಮೂರನೇ ಭಾನುವಾರ ಅಕ್ಕನ ಮನೆಗೆ ಹೊರಡುವುದೆಂದಾಯಿತು. ಕಾರು ಸ್ಕೂಲಿನದೇ, ಮನೆಯಲ್ಲಿ ಬೇರೆ ಕಾರಿಲ್ಲ. ಓಡಿಸುವವಳು ಅವಳು, ಪಕ್ಕದಲ್ಲಿ ಮೇಷ್ಟ್ರು. ಬೆಳಿಗ್ಗೆ ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಮೇಲಿದ್ದ ಸ್ಕೂಲಿನ ಬೋರ್ಡನ್ನು ಬಿಚ್ಚಿ ಜಗುಲಿಯ ಮೇಲಿಟ್ಟಳು. ಆಮೇಲೆ ಎಡಗಡೆಯ ಬಾಗಿಲು ತೆಗೆದು, ಬಗ್ಗಿ ನೋಡಿ, "ಇದನ್ನೂ ಬಿಚ್ಚಿ" ಎಂದಳು.

"ಅದು ಬರಲ್ಲ. ನಟ್ಟು ತುಕ್ಕು ಹಿಡಿದಿದೆ."

ತುಕ್ಕೂ ಇರಲಿಲ್ಲ, ಏನೂ ಇರಲಿಲ್ಲ. ಹಿಂದಿನ ತಿಂಗಳಷ್ಟೇ ಮೇಷ್ಟ್ರು ತಾವೇ ಎಣ್ಣೆ ಹಾಕಿದ್ದರು.

"ಹಾಗಾದ್ರೆ ಕಾಲು ಹಿಂದಕ್ಕೆಳ್ಕೊಂಡು ಕೂತ್ಕೋಬೇಕು. ಮುಟ್ಟಲ್ಲ ಅಂತ ಹೇಳಿ."

"ಮುಟ್ಟಲ್ಲ ಕಣೇ."

"ನನ್ನ ಮುಖ ನೋಡಿ ಹೇಳಿ."

"ಮುಟ್ಟಲ್ಲ ಅಂದ್ನಲ್ಲ, ಇನ್ನೇನು ಬರ್ಕೊಡಲಾ?"

ಅವಳು ನಿಂಬೆಹಣ್ಣು, ಕವರು ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲಿಟ್ಟು ಹೊರಟಳು.

ಇಲ್ಲಿ ಮೇಷ್ಟ್ರ ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರಿಗೆ ಅನ್ಯಾಯವಾದೀತು. ಈ ಬೆಟ್ಟದ ರಸ್ತೆಯಲ್ಲಿ ಅವರು ತಾವೇ ಕಾರು ಓಡಿಸಿದ್ದು ಎರಡೇ ಸಲ, ಅದೂ ಕೂದಲು ಕಪ್ಪಗಿದ್ದಾಗ. ಅವರ ಪಾಠವೆಲ್ಲ ಸಮತಟ್ಟು ನೆಲದಲ್ಲಿ: ಅಂಚೆ ಕಚೇರಿಯಿಂದ ರೈಲ್ವೆ ಗೇಟಿನವರೆಗೆ, ಅಲ್ಲಿಂದ ವಾಪಸ್ಸು. ಬೆಟ್ಟದ ಬಗ್ಗೆ ಪಾಠದ ಕೋಣೆಯಲ್ಲಿ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದರು, ಚೆನ್ನಾಗಿಯೇ ಹೇಳುತ್ತಿದ್ದರು. ಹಲಗೆಯ ಮೇಲೆ ಕಣಿವೆ ಇರುವುದಿಲ್ಲವಲ್ಲ.

ಮೊದಲ ತಿರುವಿನಲ್ಲಿ ಅವಳು ಗೇರು ಇಳಿಸಿದ್ದು ಸ್ವಲ್ಪ ತಡವಾಯಿತು, ಕಾರು ಗೊರಗೊರ ಅಂದಿತು. ಎರಡನೆಯದರಲ್ಲಿ ಸರಿಹೋಯಿತು. ಮೂರನೆಯದರಲ್ಲಿ ಹಾರ್ನ್ ಹೊಡೆದು, ಎಡಕ್ಕೆ ಅಂಟಿಕೊಂಡು, ಮೇಲಿನಿಂದ ಬರುತ್ತಿದ್ದ ವ್ಯಾನಿಗೆ ದಾರಿ ಬಿಟ್ಟು ನಿಂತಳು. ಮೇಷ್ಟ್ರು ತಪ್ಪು ಹುಡುಕಿದರು, ಸಿಗಲಿಲ್ಲ. ಐದನೇ ತಿರುವು ದಾಟಿದ ಮೇಲೆ ಮರಗಳು ಮುಗಿದು ಒಂದೇ ಸಲಕ್ಕೆ ಬಯಲು ತೆರೆದುಕೊಂಡಿತು. ಕೆಳಗೆ ನದಿ ಬೆಳ್ಳಗೆ ಮಲಗಿತ್ತು. ತಾವು ಹತ್ತಿ ಬಂದ ರಸ್ತೆಯೇ ಅಲ್ಲಲ್ಲಿ ತುಂಡುತುಂಡಾಗಿ ಕಾಣುತ್ತಿತ್ತು, ಅದರ ಮೇಲೆ ಲಾರಿಯೊಂದು ಸದ್ದಿಲ್ಲದೆ ತೆವಳುತ್ತಿತ್ತು. ಎದುರಿನ ಬೆಟ್ಟದ ಮೇಲೆ ಮೋಡದ ನೆರಳು ನಿಧಾನಕ್ಕೆ ನಡೆದುಹೋಗುತ್ತಿತ್ತು.

"ರೀ," ಎಂದಳು ಅವಳು.

"ಏನು? ಏನಾಯ್ತು?"

"ವಾಂತಿ ಬರ್ತಿಲ್ಲ ಕಣ್ರೀ."

ನಿಜ. ನಿಂಬೆಹಣ್ಣು ಡ್ಯಾಶ್‌ಬೋರ್ಡಿನ ಮೇಲೆ ಆ ಕಡೆ ಈ ಕಡೆ ಉರುಳಾಡುತ್ತಿತ್ತು, ಅವಳು ಮುಟ್ಟಿರಲೇ ಇಲ್ಲ. "ಸ್ಟೇರಿಂಗ್ ಹಿಡಿದೋರಿಗೆ ಬರಲ್ಲ ಅಂತ ನನಗೆ ಕಲಿಸಿದ ಹುಡುಗಿ ಹೇಳಿದ್ಲು, ನಾನು ನಂಬಿರ್ಲಿಲ್ಲ. ಅಯ್ಯೋ, ಇಷ್ಟು ಚೆನ್ನಾಗಿದೆಯೇನ್ರೀ ಈ ರಸ್ತೆ? ಇಷ್ಟು ವರ್ಷ ನಾನು ಕಣ್ಣು ಮುಚ್ಕೊಂಡು ಹೋಗ್ತಿದ್ನಲ್ಲ." ಅವಳ ಮುಖ ನೋಡಿ ಮೇಷ್ಟ್ರಿಗೆ ಖುಷಿಯಾಗಬೇಕಿತ್ತು. ಒಂದು ಚೂರು ಆಯಿತು ಕೂಡ. ಆದರೆ ಅದರ ಜೊತೆಗೇ ಒಂದು ಹೊಟ್ಟೆಕಿಚ್ಚು ಮೇಲೆದ್ದಿತು. ಇಪ್ಪತ್ತೆಂಟು ವರ್ಷದಲ್ಲಿ ತಮ್ಮ ಪಕ್ಕ ಕೂತು ಇವಳು ಒಂದು ಸಲವೂ ಹೀಗೆ ಅಂದಿರಲಿಲ್ಲ. "ರಸ್ತೆ ನೋಡು, ರಸ್ತೆ" ಎಂದರು.

ಒಂಬತ್ತನೇ ತಿರುವು ಬಲಕ್ಕೆ. ಬೆಟ್ಟದ ಕಡೆಯ ಡ್ರೈವರು ಯಾರಾದರೂ ಹೇಳುತ್ತಾರೆ, ಅಲ್ಲಿ ಎಡಗಡೆ ಕೂತವರು ಕೆಳಗೆ ನೋಡಬಾರದು. ಮೇಷ್ಟ್ರು ನೋಡಿದರು. ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ಏನೂ ಇಲ್ಲ, ಬರೀ ಗಾಳಿ. ಎದೆ ಧಸಕ್ಕೆಂದು ಕಣ್ಣೆತ್ತಿದರೆ ಎದುರಿಗೆ ಬಸ್ಸಿನ ಮೂತಿ. ಆ ಬಸ್ಸು ನಿಂತಿದೆ, ಅದರ ಡ್ರೈವರು ಕಿಟಕಿಯಿಂದ ಕೈ ಹಾಕಿ ಬನ್ನಿ ಬನ್ನಿ ಅನ್ನುತ್ತಿದ್ದಾನೆ, ಹೆಂಡತಿ ಅದನ್ನು ನೋಡಿಯೇ ಮುಂದೆ ಹೋಗುತ್ತಿದ್ದಾಳೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕಾಲು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ, ಹೋಗಿ ತುಳಿಯಿತು, ಪೂರ್ತಿ ತುಳಿಯಿತು.

ಕಾರು ಮುಗ್ಗರಿಸಿ ನಿಂತು ಆಫ್ ಆಯಿತು. ಹಿಂದೆ ಬ್ರೇಕಿನ ಕಿರುಚು, ಆಮೇಲೆ ಜಲ್ಲಿಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಸದ್ದು.

ಬಿದ್ದಿದ್ದವನು ಒಬ್ಬ ಬೈಕಿನವನು. ಕಾರಿಗೆ ಗುದ್ದುವುದನ್ನು ತಪ್ಪಿಸಲು ಹೋಗಿ ಬೆಟ್ಟದ ಬದಿಯ ಚರಂಡಿಯ ಹತ್ತಿರ ಜಾರಿದ್ದ. ಪುಣ್ಯಕ್ಕೆ ಕಣಿವೆಯ ಬದಿಗಲ್ಲ. ಬೈಕಿನ ಕನ್ನಡಿ ಚೂರಾಗಿತ್ತು. ಅವನು ಬಲಗೈ ಮಣಿಕಟ್ಟು ಹಿಡಿದುಕೊಂಡು ಎದ್ದು ಬಂದವನು, ಕಾರಿನ ಬಲಗಿಟಕಿಯಲ್ಲಿ ಬಗ್ಗಿ ನೋಡಿ, ಸ್ಟೇರಿಂಗ್ ಹಿಡಿದಿದ್ದವರು ಯಾರೆಂದು ಕಂಡದ್ದೇ ಇನ್ನಷ್ಟು ಕೆರಳಿದ.

"ತಿರುವಿನಲ್ಲಿ ಹೀಗೆ ಗಕ್ಕನೆ ನಿಲ್ಸ್ತಾರೇನಮ್ಮಾ? ಆ ಬಸ್ಸಿನವನು ಕೈ ಮಾಡಿ ಕರೀತಿದ್ದಾನೆ, ಕಣ್ಣು ಕಾಣ್ಸಲ್ವಾ? ಓಡ್ಸೋಕೆ ಬರಲ್ಲ ಅಂದ್ರೆ ಮನೇಲಿರಬೇಕು. ಬೆಟ್ಟ ಹತ್ತೋಕೆ ಯಾರು ಹೇಳಿದ್ರು ನಿಮಗೆ?"

ಅವಳು ಬಿಳಿಚಿಕೊಂಡು ಹೋಗಿದ್ದಳು. ಮೇಷ್ಟ್ರ ಕಡೆ ತಿರುಗಿದಳು.

ಆಗ ಮೇಷ್ಟ್ರು ಕತ್ತು ಹೊರಗೆ ಹಾಕಿದರು. ಕೈ ಎತ್ತಿದರು. ಬಾಯಿಂದ ಆ ಮಾತು ಬಂದೇಬಿಟ್ಟಿತು:

"ಹೊಸಬಳು, ಕಲೀತಾ ಇದ್ದಾಳೆ. ಸ್ವಲ್ಪ ಸಹಿಸ್ಕೊಳ್ಳಿ."

ಬಂದ ಮೇಲೆ ಗೊತ್ತಾಯಿತು ಏನು ಹೇಳಿದೆ ಅಂತ. ಆ ಕ್ಷಣಕ್ಕೇ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. "ಅಲ್ಲ ಅಲ್ಲ, ನಾನೇ ತುಳಿದದ್ದು" ಎಂದರೆ ಮುಗಿಯುತ್ತಿತ್ತು. ಬಸ್ಸಿನ ಡ್ರೈವರು, ಕಂಡಕ್ಟರು ಇಳಿದು ಬರುತ್ತಿದ್ದರು. ಬಸ್ಸಿನ ಕಿಟಕಿಗಳಲ್ಲಿ ಹತ್ತು ಹದಿನೈದು ತಲೆ. ಇಷ್ಟು ಜನರ ಎದುರಿಗೆ, ಮೂವತ್ತೊಂದು ವರ್ಷ ಕಲಿಸಿದವನು? ನಾಲಿಗೆ ಹೊರಳಲಿಲ್ಲ. ಹೆಂಡತಿ ಕಾರಿನಿಂದ ಇಳಿದಳು. ಬಿದ್ದವನ ಹತ್ತಿರ ಹೋಗಿ, ಅವನ ಊದುತ್ತಿದ್ದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನೋಡಿ, "ತಪ್ಪಾಯ್ತಪ್ಪ, ಕ್ಷಮಿಸ್ಬಿಡು" ಎಂದಳು.

ಅವನು ಬೆಟ್ಟದ ಮೇಲಿನ ಊರಿನ ದರ್ಜಿ. ಬೈಕನ್ನು ರಸ್ತೆ ಕೆಲಸದವರ ಶೆಡ್ಡಿನಲ್ಲಿ ನಿಲ್ಲಿಸಿ, ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. "ಇನ್ನು ಮೇಲಕ್ಕೆ ಯಜಮಾನ್ರೇ ಓಡಿಸ್ಲಿ" ಎಂದ ಬಸ್ಸಿನ ಡ್ರೈವರು. ಅವಳು ಬೀಗದ ಕೈಯನ್ನು ಸ್ಟೇರಿಂಗಿನ ಪಕ್ಕದಲ್ಲೇ ಬಿಟ್ಟು ಸುತ್ತು ಬಂದು ಎಡಗಡೆ ಕೂತಳು.

ಉಳಿದ ಐದು ತಿರುವನ್ನು ಮೇಷ್ಟ್ರು ಜೀವ ಕೈಯಲ್ಲಿ ಹಿಡಿದು ದಾಟಿದರು. ಹಿಂದಿನಿಂದ ದರ್ಜಿಯ ಉಪದೇಶ ನಿಂತಿರಲಿಲ್ಲ. ನಾಳೆ ಸ್ಕೂಲು ಶುರು, ಅರವತ್ತು ಯೂನಿಫಾರಂ ಬಾಕಿ ಇದೆ, ಕತ್ತರಿ ಹಿಡಿಯೋ ಕೈಯೇ ಹೋಯ್ತು, ನಿಮಗೇನಮ್ಮಾ, ಶೋಕಿಗೆ ಬರ್ತೀರಿ, ಅನುಭವ ಇರೋ ಯಜಮಾನ್ರನ್ನ ಪಕ್ಕದಲ್ಲಿ ಇಟ್ಕೊಂಡು ನೀವ್ಯಾಕೆ ಓಡಿಸ್ಬೇಕು. ಒಂದೊಂದು ಮಾತಿಗೂ ಮೇಷ್ಟ್ರ ಬೆನ್ನು ಉರಿಯಿತು. ಒಮ್ಮೆ ಓರೆಗಣ್ಣಿನಿಂದ ಹೆಂಡತಿಯ ಕಡೆ ನೋಡಿದರು. ಅವಳು ಕಾಲನ್ನು ಮುದುರಿ ಬಾಗಿಲ ಕಡೆಗೆ ಒತ್ತಿಕೊಂಡು ಕೂತಿದ್ದಳು, ಆ ಎರಡನೇ ಬ್ರೇಕಿನಿಂದ ಆದಷ್ಟು ದೂರ. ಹೆದರಿದ್ದಾಳೆ ಪಾಪ ಅಂದುಕೊಂಡರು. ಹನ್ನೆರಡನೇ ತಿರುವಿನಲ್ಲಿ ಅವಳು ಕೈ ಅಡ್ಡ ಹಿಡಿದು ನಿಲ್ಲಿಸಲು ಹೇಳಿದಳು. ಇಳಿದು, ಕಲ್ಲುಕಟ್ಟೆ ಹಿಡಿದು ಬಗ್ಗಿ, ಬೆಳಗಿನಿಂದ ತಿಂದದ್ದನ್ನೆಲ್ಲ ಕಾರಿದಳು.

"ನೋಡಿ, ಇವರಿಗೆ ಕೂತ್ಕೊಂಡ್ರೇ ಆಗಲ್ಲ," ಎಂದ ದರ್ಜಿ. "ಓಡಿಸ್ತಾರಂತೆ."

ಮೇಷ್ಟ್ರು ಅದಕ್ಕೂ ಸುಮ್ಮನಿದ್ದರು. ಸುಮ್ಮನಿರುವುದಕ್ಕೆ ಒಂದು ಕಷ್ಟವಿದೆ: ಮೊದಲ ಸಲ ಸುಮ್ಮನಿದ್ದವನು ಎರಡನೇ ಸಲ ಬಾಯಿ ತೆರೆದರೆ ಮೊದಲನೆಯದಕ್ಕೂ ಉತ್ತರ ಕೊಡಬೇಕು. ದಾರಿ ಉದ್ದಕ್ಕೂ ಆ ಲೆಕ್ಕ ಬೆಳೆಯುತ್ತಲೇ ಹೋಯಿತು.

ಊರಿನ ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ, ಉಳುಕಿದೆ ಎಂದರು. ಪಟ್ಟಿ ಕಟ್ಟಿ, ಎರಡು ವಾರ ಕೈಗೆ ಕೆಲಸ ಕೊಡಬಾರದು ಎಂದರು. ದರ್ಜಿಯ ಅಂಗಡಿ ಅಕ್ಕನ ಬೀದಿಯ ತುದಿಯಲ್ಲೇ ಇತ್ತು. ಅವನನ್ನು ಅಲ್ಲಿ ಇಳಿಸಿ, ಕಾರನ್ನು ಅಕ್ಕನ ಮನೆಯ ಮುಂದೆ ನಿಲ್ಲಿಸುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಮುಖ ನೋಡುವ ಅಭ್ಯಾಸವಿಲ್ಲ, ದನಿ ಕೇಳುವ ಅಭ್ಯಾಸ. ಬಾಗಿಲಲ್ಲಿ ವಾಕರ್ ಹಿಡಿದು ನಿಂತು, "ಬನ್ನಿ ಬನ್ನಿ. ನನ್ನ ತಂಗಿಯೇ ಓಡಿಸ್ಕೊಂಡು ಬಂದ್ಲಾ?" ಎಂದು ಕೇಳಿದಳು.

"ಹೂಂ, ಅರ್ಧ ದಾರಿ," ಎಂದರು ಮೇಷ್ಟ್ರು.

"ದನಿ ಯಾಕೋ ಸರಿಯಿಲ್ವಲ್ಲ ಮೇಷ್ಟ್ರೇ. ಶೀತವಾ?"

ಹೆಂಡತಿ ಉತ್ತರ ಕೊಡಲು ಬಿಡಲಿಲ್ಲ. ಒಳಗೆ ಬಂದು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು: ಒಂಬತ್ತನೇ ತಿರುವಿನಲ್ಲಿ ಕಾರು ಗಕ್ಕನೆ ನಿಂತುಬಿಡ್ತು, ಹಿಂದಿನವನು ಬಿದ್ದ, ಕೈ ಉಳುಕಿದೆ. ನಿಂತುಬಿಡ್ತು ಅಂದಳು. ಯಾರು ನಿಲ್ಲಿಸಿದರು ಅಂತ ಹೇಳಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಕಾರಿನ ಬೀಗದ ಕೈಯನ್ನು ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟಳು.

"ನೀವೇ ಇಟ್ಕೊಳ್ಳಿ. ನನಗೆ ಸಾಕು. ಅಕ್ಕಾ, ಇನ್ನು ಮುಂದೆ ಬಸ್ಸಲ್ಲೇ ಬರ್ತೀನಿ, ತಿಂಗಳಿಗೆ ಒಂದ್ಸಲ ಆದ್ರೂ."

ಬೀಗದ ಕೈ ಅಂಗೈಗೆ ಬಿದ್ದಾಗ ಮೇಷ್ಟ್ರಿಗೆ ಮೊದಲು ಆದದ್ದೇನು ಗೊತ್ತೇ? ಹಾಯೆನಿಸಿತು. ಸದ್ಯ, ಎಲ್ಲ ಹಳೇ ದಾರಿಗೇ ಬಂತು, ಇನ್ನು ಯಾರೂ ಏನೂ ಕೇಳುವುದಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದು ತಮಗೇ ತಿಳಿದಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಅಕ್ಕ "ಆಯ್ತು ಬಿಡು" ಎಂದಳು. ಎಂದವಳು ಕೆದರಿ ಗಂಟುಗಟ್ಟಿದ್ದ ತನ್ನ ತಲೆಗೂದಲನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿಕೊಂಡಳು. ತಿಂಗಳಿಗೊಮ್ಮೆ.

ಹೆಂಡತಿ ಅಕ್ಕನ ಸ್ನಾನಕ್ಕೆ ನೀರು ಕಾಯಿಸಲು ಒಳಗೆ ಹೋದಳು. ಮೇಷ್ಟ್ರು ಹಿಂದೆಯೇ ಹೋಗಿ ಬಚ್ಚಲ ಬಾಗಿಲಲ್ಲಿ ನಿಂತರು. ಅವಳು ಬಕೆಟ್ಟಿನ ನೀರಿಗೆ ಕೈ ಹಾಕಿ ಬಿಸಿ ನೋಡುತ್ತಿದ್ದಳು.

"ನೋಡು," ಎಂದರು. "ಆ ಬ್ರೇಕು ನೀನು ಹಾಕಿದ್ದಲ್ಲ. ನಾನು ತುಳಿದದ್ದು."

ಅವಳು ತಿರುಗಲಿಲ್ಲ. "ಗೊತ್ತು."

"ಗೊತ್ತಾ?"

"ನನ್ನ ಕಾಲು ಆಕ್ಸಿಲರೇಟರ್ ಮೇಲಿತ್ತು. ಪಕ್ಕದ ಪೆಡಲು ತಾನಾಗೇ ಕೆಳಗೆ ಹೋಯ್ತು, ನನ್ನ ಚಪ್ಪಲಿಗೆ ತಾಗ್ತು. ನೀವು ಆ ಕಡೆ ತುಳಿದ್ರೆ ಈ ಕಡೆ ಕೂತೋರಿಗೆ ಗೊತ್ತಾಗಲ್ವಾ? ನಿಮ್ಮ ಸ್ಕೂಲಿಗೆ ಬಂದೋರಿಗೆಲ್ಲ ಗೊತ್ತಾಗಿರತ್ತೆ."

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರು ಒಂದು ದಿನವೂ ಆ ಕಡೆ ಕೂತು, ಇನ್ನೊಬ್ಬರಿಂದ ತುಳಿಸಿ ನೋಡಿರಲಿಲ್ಲ. ಎಷ್ಟೋ ಮುಖಗಳು ಒಂದರ ಹಿಂದೆ ಒಂದು ಕಣ್ಣಮುಂದೆ ಬಂದವು. ಒಬ್ಬ ನರ್ಸು ಇದ್ದಳು, ರೈಲ್ವೆ ಗೇಟಿನ ಹತ್ತಿರ ಹೀಗೇ ಆಗಿ, ಲಾರಿಯವನು ಬಾಯಿಗೆ ಬಂದಂತೆ ಬೈದ ಮೇಲೆ ಕಲಿಯಲು ಬರುವುದನ್ನೇ ಬಿಟ್ಟಳು. ಹೆದರುಪುಕ್ಕಲಿ ಅಂತ ಆಗ ಅವರು ಎಲ್ಲರ ಹತ್ತಿರ ನಕ್ಕಿದ್ದರು. ಅವಳಿಗೂ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಕ್ಷಮೆ ಬೇರೆ ಕೇಳ್ದೆ."

"ಅವನ ಕೈ ಊದ್ಕೊಂಡಿತ್ತು, ಯಾರಾದ್ರೂ ಕೇಳ್ಬೇಕಿತ್ತಲ್ಲ. ಆಮೇಲೆ ನೀವು ಹೇಳ್ತೀರೇನೋ ಅಂತ ಕಾದೆ. ಬಸ್ಸಿನವರು ಹೋದ್ಮೇಲೆ ಹೇಳ್ತೀರಿ ಅಂದ್ಕೊಂಡೆ. ಆಸ್ಪತ್ರೇಲಿ ಹೇಳ್ತೀರಿ ಅಂದ್ಕೊಂಡೆ. ಬೀಗದ ಕೈ ಕೊಟ್ರಾದ್ರೂ ಹೇಳ್ತೀರಿ ಅಂತ ಕೊಟ್ಟೆ." ಅವಳ ದನಿ ಅಲ್ಲಿ ಒಡೆಯಿತು. "ಜೇಬಿಗೆ ಹಾಕ್ಕೊಂಡ್ರಿ."

ಮೇಷ್ಟ್ರು ಜೇಬಿನಿಂದ ಅದನ್ನು ತೆಗೆದು ಚಾಚಿದರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ತೆಗೆದುಕೊಳ್ಳಲಿಲ್ಲ.

"ನನಗೆ ಹೇಳಿ ಏನು ಬಂತು? ನನಗೆ ಮೊದ್ಲೇ ಗೊತ್ತು. ಗೊತ್ತಿಲ್ಲದವನು ಬೀದಿ ತುದೀಲಿ ಕೂತಿದ್ದಾನೆ."

ಆ ಬೀದಿ ಇನ್ನೂರು ಹೆಜ್ಜೆ ಇರಬಹುದು. ಕಾಲಿಗೆ ಕಲ್ಲು ಕಟ್ಟಿದಂತೆ ನಡೆದರು ಮೇಷ್ಟ್ರು. ಅಂಗಡಿ ಇನ್ನೂ ನಾಲ್ಕು ಮಾರು ದೂರವಿರುವಾಗಲೇ ದರ್ಜಿಯ ದನಿ ಕೇಳಿಸಿತು: "... ಸ್ಟೇರಿಂಗ್ ಹಿಡಿದು ಗೊಂಬೆ ಹಾಗೆ ಕೂತಿದ್ರು ಆಯಮ್ಮ. ಪಾಪ ಆ ಯಜಮಾನ್ರು, ಎಷ್ಟು ತಾಳ್ಮೆ ಅಂತೀರಿ. ಒಂದು ಮಾತು ಬೈಲಿಲ್ಲ ಹೆಂಡ್ತಿಗೆ." ಒಳಗೆ ಅವನ ಹೆಂಡತಿ ಮಿಷನ್ ತುಳಿಯುತ್ತಿದ್ದಳು, ಯೂನಿಫಾರಂಗೆ ಬಂದಿದ್ದ ಇಬ್ಬರು ತಾಯಂದಿರು ಬೆಂಚಿನ ಮೇಲೆ ಕೂತು ಕತೆ ಕೇಳುತ್ತಿದ್ದರು. ಮೇಷ್ಟ್ರನ್ನು ಕಂಡದ್ದೇ ದರ್ಜಿ ಎದ್ದು ಸ್ಟೂಲು ಎಳೆದ.

"ಕೂರಲ್ಲ," ಎಂದರು ಮೇಷ್ಟ್ರು. "ನಿಮಗೊಂದು ಮಾತು ಹೇಳ್ಬೇಕು. ಬ್ರೇಕ್ ಹಾಕಿದ್ದು ನನ್ನ ಹೆಂಡತಿ ಅಲ್ಲ. ನಾನು. ತಪ್ಪು ನಂದು."

ಹೇಳಿಯಾಯಿತು. ಎದೆ ಹಗುರಾಗುವುದೆಂದು ಕಾದರು. ದರ್ಜಿ ಅವರನ್ನೇ ನೋಡಿ, ಮೆಲ್ಲಗೆ ನಕ್ಕು, ಬೆಂಚಿನವರ ಕಡೆ ತಿರುಗಿ, "ನೋಡಿದ್ರಾ? ಹೆಂಡ್ತಿ ಮಾಡಿದ್ದನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ" ಎಂದ.

"ಇಂಥವರೂ ಇದ್ದಾರಲ್ಲ," ಎಂದಳು ಒಬ್ಬ ತಾಯಿ. "ನಮ್ಮನೆಯವರಾಗಿದ್ರೆ ಅಲ್ಲೇ ಬಿಟ್ಟು ಬರ್ತಿದ್ರು."

"ಸರ್, ನೀವು ಪಕ್ಕದ ಸೀಟಲ್ಲಿದ್ರಿ, ನಾನೇ ನೋಡಿದೀನಿ. ಪಕ್ಕದ ಸೀಟಿಂದ ಬ್ರೇಕ್ ಹಾಕೋಕಾಗತ್ತಾ? ಪರವಾಗಿಲ್ಲ ಬಿಡಿ, ನಾನೂ ಸ್ವಲ್ಪ ಜಾಸ್ತಿ ಮಾತಾಡ್ದೆ. ನಿಮ್ಮಂಥ ಗಂಡ ಸಿಗೋಕೆ ಆಯಮ್ಮ ಪುಣ್ಯ ಮಾಡಿರಬೇಕು. ಟೀ ತರಿಸ್ಲಾ?"

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು; ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಇಲ್ಲಿಂದಲೇ ಹೊರಟುಬಿಡಬಹುದಿತ್ತು. ಹೇಳಿ ಬಂದೆ ಕಣೇ ಎಂದರೆ ಅದೂ ಸುಳ್ಳಲ್ಲ. ಒಂದು ಗಳಿಗೆ ಆ ಯೋಚನೆಯೂ ಬಂತು. ಬಂತಲ್ಲ ಎಂದು ಮತ್ತೆ ನಾಚಿಕೆಯಾಯಿತು.

"ಬನ್ನಿ ನನ್ನ ಜೊತೆ," ಎಂದರು. "ನೀವೂ ಬನ್ನಿ ಅಮ್ಮಾ, ನೀವೂ. ಎಲ್ಲರೂ ಬನ್ನಿ."

ಇನ್ನೂರು ಹೆಜ್ಜೆ ವಾಪಸ್ಸು, ಹಿಂದೆ ಮೂರು ಜನ. ಮಿಷನ್ ನಿಲ್ಲಿಸಿ ದರ್ಜಿಯ ಹೆಂಡತಿಯೂ ಬಂದಳು, ನಾಲ್ಕಾಯಿತು. ಮೇಷ್ಟ್ರು ಕಾರಿನ ಎರಡೂ ಬಾಗಿಲು ತೆಗೆದರು. ಎಡಗಡೆ ಬಗ್ಗಿ ತೋರಿಸಿದರು. "ಕೈಯಿಂದ ಒತ್ತಿ ನೋಡಿ. ಆ ಕಡೆ ಏನಾಗತ್ತೆ ಅಂತ ಇವರು ನೋಡ್ತಾರೆ." ದರ್ಜಿ ಎಡಗೈಯಿಂದ ಒತ್ತಿದ. "ಅಯ್ಯೋ, ಈ ಕಡೇದೂ ಹೋಯ್ತು," ಎಂದಳು ಒಬ್ಬ ತಾಯಿ. ಅವನು ಬಿಟ್ಟ. ಇನ್ನೊಮ್ಮೆ ಒತ್ತಿದ.

"ನಂದು ಡ್ರೈವಿಂಗ್ ಸ್ಕೂಲು," ಎಂದರು ಮೇಷ್ಟ್ರು. ನೆಲ ನೋಡಿಕೊಂಡೇ ಮಾತಾಡಿದರು. "ಇದು ಕಲಿಸೋ ಕಾರು. ಅವಳಿಗೆ ಓಡಿಸೋಕೆ ಚೆನ್ನಾಗಿ ಬರತ್ತೆ. ಬಸ್ಸಿನವನು ಕೈ ಮಾಡಿದ್ದು ಅವಳಿಗೆ ಕಂಡಿತ್ತು, ನನಗೆ ಕಾಣಲಿಲ್ಲ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ, ಹೆದರ್ಕೊಂಡು ತುಳಿದೆ."

ದರ್ಜಿ ನಿಧಾನಕ್ಕೆ ಎದ್ದು ನಿಂತ. ಅವನ ಮುಖದಲ್ಲಿ ಈಗ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಆಯಮ್ಮ ನನ್ನ ಕೈ ಹಿಡ್ಕೊಂಡು ಕ್ಷಮಿಸ್ಬಿಡು ಅಂದ್ರಲ್ಲ ಸರ್," ಎಂದ. "ಆಗ ನೀವೆಲ್ಲಿದ್ರಿ?"

"ಪಕ್ಕದಲ್ಲೇ ಇದ್ದೆ."

ಬೆಂಚಿನ ಮೇಲೆ ಕೂತು ಹೊಗಳಿದವಳು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಳು. ಮೇಷ್ಟ್ರು ತಲೆ ಎತ್ತಿದರೆ ಕಿಟಕಿಯಲ್ಲಿ ಒದ್ದೆ ಕೂದಲಿನ ಅಕ್ಕ, ಅವಳ ಹಿಂದೆ ಬಾಚಣಿಗೆ ಹಿಡಿದ ಹೆಂಡತಿ. ದರ್ಜಿ ಆ ಕಿಟಕಿಯ ಹತ್ತಿರ ಹೋಗಿ, "ಅಮ್ಮಾ, ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ" ಎಂದ. ಅವಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡದ್ದು ಎಲ್ಲರಿಗೂ ಕಂಡಿತು.

"ಅದೆಲ್ಲ ಸರಿ," ಎಂದಳು ದರ್ಜಿಯ ಹೆಂಡತಿ, ಸೆರಗು ಸಿಕ್ಕಿಸಿಕೊಳ್ಳುತ್ತಾ. "ಅರವತ್ತು ಅಂಗಿ ನಾನೊಬ್ಬಳೇ ಹೊಲಿಯೋಕಾಗಲ್ಲ. ಯಜಮಾನ್ರಿಗೆ ಗುಂಡಿ ಹಚ್ಚೋಕೆ ಬರತ್ತಾ?"

"ಬರಲ್ಲ," ಎಂದರು ಮೇಷ್ಟ್ರು.

"ಪರವಾಗಿಲ್ಲ," ಎಂದಳು ಕಿಟಕಿಯೊಳಗಿಂದ ಅಕ್ಕ. "ಹೊಸಬರು, ಕಲೀತಾರೆ."

ಆ ಮಾತು ಅಕ್ಕನಿಗೆ ಹೇಗೆ ತಿಳಿಯಿತೆಂದು ಮೇಷ್ಟ್ರು ಕೇಳಲಿಲ್ಲ. ಸಂಜೆ ನಾಲ್ಕರವರೆಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಳಿ ಅಂಗಿಗಳಿಗೆ ಗುಂಡಿ ಹಚ್ಚಿದರು. ಮೊದಲ ಆರು ಅಂಗಿಯ ಗುಂಡಿಗಳನ್ನು ದರ್ಜಿಯ ಹೆಂಡತಿ ಮಾತಿಲ್ಲದೆ ಕಿತ್ತು ಮತ್ತೆ ಅವರ ಮುಂದಿಟ್ಟಳು. ಬಂದುಹೋಗುವವರು ಯಾರಿವರು ಎಂದು ಕೇಳಿದಾಗಲೆಲ್ಲ ದರ್ಜಿ ಏನೂ ಹೇಳದೆ ಮೇಷ್ಟ್ರ ಕಡೆ ನೋಡುತ್ತಿದ್ದ. ಮೇಷ್ಟ್ರೇ ಹೇಳಬೇಕಾಯಿತು. ಒಬ್ಬೊಬ್ಬರಿಗೂ ಹೇಳಿದರು. ಹನ್ನೊಂದು ಸಲ ಹೇಳಿದರು, ಒಂದು ಸಲವೂ ಸುಲಭವಾಗಲಿಲ್ಲ.

ಹೊರಡುವ ಹೊತ್ತಿಗೆ ಬೀಗದ ಕೈಯನ್ನು ಮತ್ತೆ ಹೆಂಡತಿಯ ಮುಂದೆ ಹಿಡಿದರು. ಅವಳು ತುಂಬಾ ಹೊತ್ತು ಅದನ್ನು ನೋಡಿದಳು. ಅಕ್ಕ ಬಾಗಿಲಲ್ಲಿ ನಿಂತು, "ಮುಂದಿನ ಭಾನುವಾರ ಬರ್ತೀಯಾ?" ಎಂದು ಮಾತ್ರ ಕೇಳಿದಳು. ಅವಳು ಬೀಗದ ಕೈ ತೆಗೆದುಕೊಂಡಳು. ಮೇಷ್ಟ್ರು ಅಭ್ಯಾಸದಂತೆ ಎಡಗಡೆಯ ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲಿ ಬೇಡ," ಎಂದಳು. "ಹಿಂದೆ."

ಹಿಂದಿನ ಸೀಟು, ತಮ್ಮ ಸರದಿ ಬರುವವರೆಗೆ ಕಲಿಯುವವರು ಕೂತು ಕಾಯುವ ಜಾಗ. ಮೇಷ್ಟ್ರು ಅಲ್ಲಿ ಕೂತದ್ದು ಅದೇ ಮೊದಲು. ಕಾರು ಇಳಿಯತೊಡಗಿತು. ಹದಿಮೂರು, ಹನ್ನೆರಡು. ಪ್ರತಿ ತಿರುವಿಗೂ ಅವರ ಬಲಗಾಲು ಮುಂದಿನ ಸೀಟಿನ ಬೆನ್ನಿಗೆ ಒದೆಯುತ್ತಿತ್ತು; ಅಲ್ಲಿ ಏನೂ ಇಲ್ಲ, ಕಾರು ಅದರ ಪಾಡಿಗೆ ಅದು ಸರಿಯಾಗಿಯೇ ತಿರುಗುತ್ತಿತ್ತು. ಹೊರಗೆ ಇಳಿಬಿಸಿಲು ಇಡೀ ಕಣಿವೆಯ ಮೇಲೆ ಬಿದ್ದಿತ್ತು. ನದಿ ಈಗ ಕೆಂಪಗಿತ್ತು. ಅವಳು ನೋಡುತ್ತಿದ್ದಳು, ರಸ್ತೆಯನ್ನೂ ಅದನ್ನೂ. ಬೆಳಿಗ್ಗೆಯಂತೆ "ರೀ" ಎಂದು ಕರೆಯಲಿಲ್ಲ. ಮೇಷ್ಟ್ರು ಅದಕ್ಕಾಗಿ ಕಾದರು.

ಹತ್ತನೇ ತಿರುವಿನಲ್ಲಿ ಅವರಿಗೆ ಹೊಟ್ಟೆ ತೊಳೆಸಲು ಶುರುವಾಯಿತು. ಬಾಯಲ್ಲಿ ನೀರೂರಿತು, ಹಣೆ ಬೆವರಿತು. ನಿಲ್ಲಿಸು ಅನ್ನಲು ಬಾಯಿ ಬರಲಿಲ್ಲ, ಯಾವ ಮುಖ ಇಟ್ಟುಕೊಂಡು ಅನ್ನುವುದು. ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಗೇರು ಇಳಿಸಿ, ಹಾರ್ನ್ ಹೊಡೆದು, ಒಂಬತ್ತನೇ ತಿರುವನ್ನು ಎಲ್ಲೂ ನಿಲ್ಲದೆ ದಾಟಿದಳು. ಆಮೇಲೆ ರಸ್ತೆ ನೇರವಾದಲ್ಲಿ ಡ್ಯಾಶ್‌ಬೋರ್ಡಿನ ಮೇಲಿದ್ದ ನಿಂಬೆಹಣ್ಣನ್ನೂ ಕವರನ್ನೂ ತೆಗೆದು, ತಿರುಗಿ ನೋಡದೆ, ಎಡಗೈಯಲ್ಲಿ ಹಿಂದಕ್ಕೆ ಚಾಚಿದಳು.

"ಕಣ್ಣು ಮುಚ್ಕೊಳ್ಳಿ," ಎಂದಳು. "ಇನ್ನು ಎಂಟು ಇದೆ."